ಹೆರಿಗೆಗೆ ತವರಿಗೆ ಬರುವ ಕಡಲಾಮೆ

ನಮ್ಮ ಮಡಕಶಿರಾ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದ್ದರೆ, 2025ರ ಫೆಬ್ರವರಿಯ ತನಕ ನಾನೂ ಏನೂ ಇಲ್ಲ ಅಂತಲೇ ಹೇಳುತ್ತಿದ್ದೆ. ಬೋರು ಎಷ್ಟು ಅಡಿ ಇಳಿಸಿದರೂ ಧೂಳೇ ಬರುವ ಊರು ನಮ್ಮದು. ನಮಗೆ ಗೊತ್ತಿರುವ ಆಮೆ ಅಂದರೆ ಹೊಲದ ಆಮೆ. ಕಡ್ಲೆಕಾಯಿಗೆ ಕುಂಟೆ ಹೊಡೆಯುವಾಗ ಒಮ್ಮೊಮ್ಮೆ ಸಾಲಿನ ನಡುವೆ ಬೆನ್ನ ಮೇಲೆ ಹಳದಿ ಗೆರೆಯ ನಕ್ಷತ್ರ ಬರೆಸಿಕೊಂಡ ನಕ್ಷತ್ರ ಆಮೆ ಸಿಗುತ್ತಿತ್ತು. ನಮ್ಮಪ್ಪ ಆಗ ಎತ್ತು ನಿಲ್ಲಿಸಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬದುವಿನ ಆಚೆ ಬಿಟ್ಟು, "ಹೋಗು ಸ್ವಾಮಿ" ಅಂತ ಕೈ ಮುಗಿದು ಮತ್ತೆ ಕುಂಟೆ ಹಿಡಿಯುತ್ತಿದ್ದ. ಕೂರ್ಮಾವತಾರ ಅಂತ ಅವನ ನಂಬಿಕೆ. ನಾನೂ ಹಾಗೇ ಮಾಡಿಕೊಂಡು ಬಂದಿದ್ದೇನೆ. ಆದರೆ ಕಡಲಿನ ಆಮೆ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಯಾಕೆ ಸಾಯುತ್ತದೆ ಅಂತ ಒಂದು ದಿನವೂ ಯೋಚಿಸಿದವನಲ್ಲ.

ಆ ಫೆಬ್ರವರಿಯಲ್ಲಿ ಒಡಿಶಾದ ಬ್ರಹ್ಮಪುರದ ತೆಲುಗು ಗೆಳೆಯರು ಕವಿಗೋಷ್ಠಿಗೆ ಕರೆದರು. ಹಿಂದೂಪುರದಲ್ಲಿ ರೈಲು ಹತ್ತಿ ಹೋದೆ. ಬ್ರಹ್ಮಪುರ ನಮ್ಮಂಥದೇ ಊರು ನೋಡಿ. ನಮ್ಮಲ್ಲಿ ಆಂಧ್ರದೊಳಗೆ ಕನ್ನಡ ಇದ್ದ ಹಾಗೆ ಅಲ್ಲಿ ಒಡಿಶಾದೊಳಗೆ ತೆಲುಗು. ಅಂಗಡಿಯಲ್ಲಿ ಒಂದು ಮಾತು, ಆಫೀಸಿನಲ್ಲಿ ಒಂದು ಮಾತು, ಅಡುಗೆಮನೆಯಲ್ಲಿ ಇನ್ನೊಂದು. ಗೋಷ್ಠಿ ಮುಗಿದ ಸಂಜೆ ಗೆಳೆಯರೊಬ್ಬರು, "ಇಷ್ಟು ದೂರ ಬಂದಿದ್ದೀರಿ, ಋಷಿಕುಲ್ಯ ನದಿ ಕಡಲು ಸೇರುವ ಕಡೆ ಆಮೆ ಏಳುತ್ತಿವೆಯಂತೆ, ನೋಡಿಕೊಂಡು ಹೋಗಿ" ಅಂದರು. ಗಂಜಾಂ ಜಿಲ್ಲೆಯ ಆ ಕರಾವಳಿಗೆ ಬಸ್ಸಿನಲ್ಲಿ ಒಂದು ಗಂಟೆಯ ಮೇಲಾಯಿತು. ಅಲ್ಲಿನ ಬೆಸ್ತರಲ್ಲಿ ಬಹಳ ಜನ ತೆಲುಗು ಮಾತನಾಡುವ ನೋಲಿಯಾಗಳು. ಹಾಗಾಗಿ ನನಗೆ ಭಾಷೆಯ ತೊಡಕಾಗಲಿಲ್ಲ. ಎಪ್ಪತ್ತು ದಾಟಿದ ಬೆಸ್ತರ ಹಿರಿಯರೊಬ್ಬರು ನನ್ನ ಜೊತೆಗೆ ಬಂದರು. ನಾನು ಅವರನ್ನು ಪೆದ್ದಾಯನಾ ಅಂತ ಕರೆದೆ, ಅವರು ನನ್ನನ್ನು ಬಾಬು ಅಂದರು. ಐವತ್ತೈದು ವರ್ಷದವನನ್ನು ಬಾಬು ಅನ್ನಲು ಇನ್ನೂ ಯಾರೋ ಉಳಿದಿದ್ದಾರಲ್ಲ ಅಂತ ಖುಷಿಯಾಯಿತು.

ಮರಳ ಮೇಲೆ ಜಾತ್ರೆ

ಅರಣ್ಯ ಇಲಾಖೆಯವರು ನಾಯಿ, ಜನ ನುಗ್ಗದ ಹಾಗೆ ಬಲೆಯ ಬೇಲಿ ಹಾಕಿದ್ದರು. ಟಾರ್ಚು ಹಾಕಬಾರದು, ಗಲಾಟೆ ಮಾಡಬಾರದು ಅಂತ ಕಟ್ಟುನಿಟ್ಟು. ಬೇಲಿಯ ಈಚೆ ಕೂತೆವು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡುತ್ತೇನೆ, ಅಲೆಯ ಅಂಚಿನಲ್ಲಿ ಕಪ್ಪು ಕಲ್ಲುಗಳು. ಆ ಕಲ್ಲುಗಳು ನಡೆಯತೊಡಗಿದವು. ಒಂದಲ್ಲ, ಹತ್ತಲ್ಲ, ಕಣ್ಣು ಹಾಯುವ ತನಕ ಅವೇ. ಸುಗ್ಗಿಯ ಕಾಲದಲ್ಲಿ ಮಾರ್ಕೆಟ್ ಯಾರ್ಡಿಗೆ ಗಾಡಿ ಬಂದು ನಿಂತ ಹಾಗೆ ಒಂದರ ಹಿಂದೆ ಒಂದು.

ಇದು ಆಲಿವ್ ರಿಡ್ಲೆ ಅನ್ನುವ ಜಾತಿ. ಕಡಲಾಮೆಗಳಲ್ಲಿ ಸಣ್ಣದು. ಚಿಪ್ಪು ಎರಡು ಅಡಿ ಚಿಲ್ಲರೆ, ತೂಕ ಒಂದು ಮೂಟೆ ಗೊಬ್ಬರದಷ್ಟು. ಲೋಕದಲ್ಲಿ ಒಟ್ಟು ಏಳು ಜಾತಿಯ ಕಡಲಾಮೆಗಳಿದ್ದು, ನಮ್ಮ ದೇಶದ ನೀರಿನಲ್ಲಿ ಐದು ಸಿಗುತ್ತವೆ. ಅವುಗಳಲ್ಲಿ ನಾಲ್ಕು ಇಲ್ಲೇ ದಡ ಹತ್ತಿ ಮೊಟ್ಟೆ ಇಡುತ್ತವೆ. ಗಂಡಾಮೆ ಹುಟ್ಟಿ ನೀರಿಗಿಳಿದ ಮೇಲೆ ಬಹುಮಟ್ಟಿಗೆ ಮತ್ತೆ ನೆಲ ಮುಟ್ಟುವುದಿಲ್ಲ. ಹೆಣ್ಣು ಮಾತ್ರ ಮೊಟ್ಟೆಗಾಗಿ ಬರುತ್ತದೆ.

ನಮ್ಮ ಎದುರಿಗೇ ಒಂದು ಬಂದು ನಿಂತಿತು. ಉಸಿರು ದಬ್ಬಿದ ಸದ್ದು ಕೇಳಿಸಿತು, ಹೊರೆ ಇಳಿಸಿದ ಹೆಂಗಸಿನ ನಿಟ್ಟುಸಿರಿನ ಹಾಗೆ. ಹಿಂದಿನ ಎರಡು ರೆಕ್ಕೆಗಾಲಿನಿಂದ ಒಂದಾದ ಮೇಲೊಂದರಂತೆ ಮರಳು ಮೊಗೆದು ಒಂದೂವರೆ ಅಡಿ ಆಳದ ಗುಂಡಿ ತೋಡಿತು. ಬಾಯಿ ಚಿಕ್ಕದು, ತಳ ಅಗಲ, ನಮ್ಮ ಹಳೇ ಕಾಲದ ಹಗೇವಿನ ಆಕಾರ. ಅದರೊಳಗೆ ನಿಂಬೆಹಣ್ಣಿನಷ್ಟು ದಪ್ಪನೆಯ ಬಿಳಿ ಮೊಟ್ಟೆ ನೂರು, ನೂರಿಪ್ಪತ್ತು ಇಡುತ್ತದೆ. ಆಮೇಲೆ ಮರಳು ಮುಚ್ಚಿ, ಮೈಯನ್ನೇ ಎಡಕ್ಕೂ ಬಲಕ್ಕೂ ಎತ್ತಿ ಬಡಿದು ನೆಲ ಗಟ್ಟಿ ಮಾಡುತ್ತದೆ. ಕಣ ಮಾಡುವಾಗ ನಾವು ದಮ್ಮಸು ಹೊಡೆಯುವುದಿಲ್ಲವೇ, ಅದೇ ಕೆಲಸ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಅಳುತ್ತಿದೆಯಾ?" ಅಂತ ಕೇಳಿದೆ. ಪೆದ್ದಾಯನ ನಕ್ಕರು. "ಎಲ್ಲರೂ ಹಾಗೇ ಕೇಳುತ್ತಾರೆ ಬಾಬು. ಉಪ್ಪುನೀರು ಕುಡಿಯುವ ಜೀವ, ಉಪ್ಪನ್ನ ಕಣ್ಣಿಂದ ಹೊರಗೆ ಹಾಕುತ್ತೆ." ಓದಿ ನೋಡಿದೆ, ಅವರ ಮಾತೇ ಸರಿ.

ಹೀಗೆ ಸಾವಿರಗಟ್ಟಲೆ ಒಟ್ಟಿಗೆ ಏಳುವುದಕ್ಕೆ ಸ್ಪ್ಯಾನಿಷ್ ಮಾತಿನಲ್ಲಿ ಅರಿಬಾಡ ಅನ್ನುತ್ತಾರೆ, ಬಂದಿಳಿಯುವುದು ಅಂತ ಅರ್ಥ. ಲೋಕದಲ್ಲಿ ಮೆಕ್ಸಿಕೊ, ಕೋಸ್ಟರಿಕ, ನಿಕರಾಗುವ, ನಮ್ಮ ಒಡಿಶಾ, ಹೀಗೆ ಕೆಲವೇ ಕಡೆ ಇದು ದೊಡ್ಡದಾಗಿ ನಡೆಯುತ್ತದೆ. ಅರಣ್ಯ ಇಲಾಖೆಯ ಲೆಕ್ಕದಂತೆ ಆ 2025ರಲ್ಲಿ ಋಷಿಕುಲ್ಯದಲ್ಲಿ ಸುಮಾರು 7 ಲಕ್ಷ, ಉತ್ತರಕ್ಕಿರುವ ಗಹಿರಮಠದಲ್ಲಿ 6 ಲಕ್ಷ ಆಮೆ ಮೊಟ್ಟೆಯಿಟ್ಟವು. ಇಷ್ಟನ್ನು ಯಾರು ಎಣಿಸಿದರು ಅಂತ ನಿಮಗೂ ಅನುಮಾನ ಬಂದೀತು. ಒಂದೊಂದಾಗಿ ಎಣಿಸುವುದಿಲ್ಲ. ದಡದಲ್ಲಿ ಅಲ್ಲಲ್ಲಿ ಅಳತೆಯ ಪಟ್ಟಿ ಗುರುತು ಮಾಡಿಕೊಂಡು, ಇಷ್ಟು ಹೊತ್ತಿಗೊಮ್ಮೆ ಆ ಪಟ್ಟಿಯಲ್ಲಿ ಮೊಟ್ಟೆಯಿಡುತ್ತಿರುವ ಆಮೆ ಎಷ್ಟು ಅಂತ ಬರೆದು, ಪೂರ್ತಿ ದಡಕ್ಕೆ ಲೆಕ್ಕ ಹಾಕುತ್ತಾರೆ. ಬೆಳೆವಿಮೆಗೆ ನಮ್ಮ ಹೊಲದಲ್ಲಿ ಒಂದು ಮೂಲೆ ಕೊಯ್ದು ಹೋಬಳಿಗೇ ಇಳುವರಿ ಕಟ್ಟುತ್ತಾರಲ್ಲ, ಆ ಪದ್ಧತಿ. ಕೆಲವು ವರ್ಷ ಆಮೆ ಲಕ್ಷಗಟ್ಟಲೆ ಬಂದರೆ ಕೆಲವು ವರ್ಷ ಗುಂಪಾಗಿ ಏಳುವುದೇ ಇಲ್ಲ. ಬಂದ ವರ್ಷವೂ ಎಲ್ಲ ಫಸಲು ಕೈಗೆ ಬಾರದು. ನಿನ್ನೆ ಇಟ್ಟ ಮೊಟ್ಟೆಯನ್ನು ಇವತ್ತು ಬಂದ ಆಮೆ ಗುಂಡಿ ತೋಡುವಾಗ ಕಿತ್ತು ಹಾಕುತ್ತದೆ. ಉಳಿದದ್ದಕ್ಕೆ ನಾಯಿ, ಕಾಗೆ, ಏರುವ ಅಲೆ ಕಾದಿರುತ್ತವೆ.

ಮೊಟ್ಟೆಯಾಗಿದ್ದಾಗಲೇ ಹಣೆಬರಹ

ಗುಂಡಿಯೊಳಗೆ ಮೊಟ್ಟೆ 45ರಿಂದ 60 ದಿನ ಇರುತ್ತದೆ. ತಾಯಿ ಕಾವು ಕೊಡುವುದಿಲ್ಲ, ಮರಳಿನ ಬಿಸಿಯೇ ಕಾವು. ಮರಿ ಗಂಡಾಗುತ್ತದೋ ಹೆಣ್ಣಾಗುತ್ತದೋ ಅನ್ನುವುದನ್ನೂ ಆ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು 29-30 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ಬಿಸಿಲು ವರ್ಷ ವರ್ಷ ಏರುತ್ತಿರುವ ಈ ಕಾಲದಲ್ಲಿ ವಿಜ್ಞಾನಿಗಳು ಮರಳಿಗೆ ಥರ್ಮಾಮೀಟರು ಹೂತು ಅಳೆಯುತ್ತಿರುವುದು ಅದಕ್ಕೇ. ಹೆಣ್ಣೇ ತುಂಬಿ ಗಂಡು ಕಮ್ಮಿಯಾದರೆ ಮುಂದಿನ ಸಂತಾನದ ಗತಿಯೇನು ಅಂತ ಅವರ ಚಿಂತೆ.

ಮರಿಗಳು ಒಟ್ಟಿಗೆ ಮರಳು ಕೆದರಿ ರಾತ್ರಿ ಹೊತ್ತು ಮೇಲೆ ಬರುತ್ತವೆ. ಯಾವ ಕಡೆ ಬೆಳಕು ಹೆಚ್ಚೋ ಆ ಕಡೆ ಓಡುತ್ತವೆ. ಮನುಷ್ಯರ ದೀಪ ಇಲ್ಲದ ಕಾಲದಲ್ಲಿ ನಕ್ಷತ್ರದ ಬೆಳಕು ಬಿದ್ದ ಕಡಲೇ ಹೆಚ್ಚು ಬೆಳಗುತ್ತಿತ್ತು. ಈಗ ಬೀದಿದೀಪ, ಕಾರ್ಖಾನೆ ದೀಪ, ಹೆದ್ದಾರಿಯ ದೀಪ. ಮರಿ ಮೋಸ ಹೋಗಿ ಊರ ಕಡೆ ತಿರುಗಿ, ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತದೆ. ಋಷಿಕುಲ್ಯದ ಹಳ್ಳಿಯ ಹುಡುಗರು ಆ ದಿನಗಳಲ್ಲಿ ಬಲೆಯ ತಡೆ ಕಟ್ಟಿ, ದಾರಿ ತಪ್ಪಿದ ಮರಿಗಳನ್ನು ಬಕೆಟ್ಟಿನಲ್ಲಿ ಆರಿಸಿ ನೀರಿಗೆ ಬಿಡುತ್ತಾರೆ. "ಮುಂಚೆ ನಾವೂ ಮೊಟ್ಟೆ ತಿಂದವರೇ, ಸುಳ್ಳು ಯಾಕೆ ಹೇಳಲಿ" ಅಂದರು ಪೆದ್ದಾಯನ. "ಈಗ ನನ್ನ ಮೊಮ್ಮಗ ಮರಿ ಎತ್ತಿ ನೀರಿಗೆ ಬಿಡ್ತಾನೆ."

ಹೀಗೆ ನೀರು ಮುಟ್ಟಿದ ಸಾವಿರ ಮರಿಯಲ್ಲಿ ದೊಡ್ಡದಾಗಿ ಬೆಳೆಯುವುದು ಒಂದು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಬೆಳೆದು ಮೊಟ್ಟೆಯಿಡುವ ಹೊತ್ತಿಗೆ ಹತ್ತು ಹದಿನೈದು ವರ್ಷ ಬೇಕು. ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಹೋದರೆ ಮತ್ತೆ ತಂದು ಬಿತ್ತಬಹುದು, ಫಲಕ್ಕೆ ಬಂದ ಹುಣಸೇ ಮರ ಕಡಿದರೆ ಮತ್ತೆ ಬೆಳೆಸುವುದಕ್ಕೆ ಒಂದು ತಲೆಮಾರು ಬೇಕು. ದೊಡ್ಡ ಹೆಣ್ಣಾಮೆ ಸತ್ತರೆ ಆಗುವ ನಷ್ಟ ಈ ಎರಡನೇ ಬಗೆಯದು.

ಆಮೆಗಿಂತ ಹೆಚ್ಚು ನಡೆದವರು

ಇಷ್ಟು ವಿಷಯ ಸುಮ್ಮನೆ ಗೊತ್ತಾಗಲಿಲ್ಲ. 1974ರಲ್ಲಿ ಬಸ್ಟರ್ಡ್ ಅನ್ನುವ ತಜ್ಞರು ಮೊಸಳೆ ಉಳಿಸುವ ಕೆಲಸಕ್ಕೆ ಸಲಹೆ ಕೊಡಲು ಒಡಿಶಾಕ್ಕೆ ಬಂದಿದ್ದಾಗ ಗಹಿರಮಠದ ಆಮೆ ಜಾತ್ರೆಯ ಸುದ್ದಿ ವಿಜ್ಞಾನ ಲೋಕಕ್ಕೆ ಮುಟ್ಟಿತು. ಊರವರಿಗೆ ಅದು ಎಂದಿನಿಂದಲೋ ಗೊತ್ತಿತ್ತು. ಆ ಕಾಲದಲ್ಲಿ ದೋಣಿಗಟ್ಟಲೆ ಮೊಟ್ಟೆ ಸಾಗುತ್ತಿತ್ತು, ಆಮೆಗಳನ್ನು ಜೀವಂತ ಕಟ್ಟಿ ಕಲ್ಕತ್ತೆಯ ಮಾರುಕಟ್ಟೆಗೆ ಕಳಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಕಡಲಾಮೆ ಸೇರಿ, ಕೋಸ್ಟ್ ಗಾರ್ಡಿನವರು ಕಾವಲು ಹೂಡಿದ ಮೇಲೆ ಆ ವ್ಯಾಪಾರ ಅಡಗಿತು. ಋಷಿಕುಲ್ಯದ ದಡವನ್ನು ವಿಜ್ಞಾನಿಗಳು ಗುರುತಿಸಿದ್ದು 1994ರಲ್ಲಿ, ಬಿವಾಶ್ ಪಾಂಡವ್ ಅನ್ನುವ ಸಂಶೋಧಕರಿಂದ. ಗಹಿರಮಠ 1997ರಲ್ಲಿ ಕಡಲ ಅಭಯಾರಣ್ಯವಾಯಿತು.

ಎಲ್ಲರಿಗಿಂತ ನನ್ನ ಮನಸ್ಸಿನಲ್ಲಿ ನಿಂತವರು ಸತೀಶ್ ಭಾಸ್ಕರ್. ಕೇರಳದ ಮೂಲದವರು, ಮದರಾಸಿನ ಐಐಟಿಯ ಓದು ಅರ್ಧಕ್ಕೇ ಬಿಟ್ಟವರು. 1977ರಿಂದ ಸುಮಾರು ಇಪ್ಪತ್ತು ವರ್ಷ ಭಾರತದ ಕರಾವಳಿ ಮತ್ತು ದ್ವೀಪಗಳಲ್ಲಿ 4 ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲ್ನಡಿಗೆಯಲ್ಲಿ ತಿರುಗಿ, ಎಲ್ಲಿ ಯಾವ ಆಮೆ ಮೊಟ್ಟೆಯಿಡುತ್ತದೆ ಅಂತ ಬರೆದಿಟ್ಟರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿ ದ್ವೀಪದಲ್ಲಿ ಒಬ್ಬರೇ ತಿಂಗಳುಗಟ್ಟಲೆ ಉಳಿದರು. ಮಳೆಗಾಲ ಮುಗಿಯುವ ತನಕ ಯಾವ ದೋಣಿಯೂ ಅಲ್ಲಿಗೆ ಹೋಗದು. ಹೆಂಡತಿಗೆ ಕಾಗದ ಬರೆದು ಶೀಶೆಯಲ್ಲಿಟ್ಟು ಕಡಲಿಗೆ ಎಸೆದರು. ಅದು ತೇಲಿಕೊಂಡು ಹೋಗಿ ಶ್ರೀಲಂಕಾದ ಮೀನುಗಾರನೊಬ್ಬನ ಕೈಗೆ ಸಿಕ್ಕಿ, ಆ ಪುಣ್ಯಾತ್ಮ ಅದನ್ನು ಅಂಚೆಗೆ ಹಾಕಿ ಮನೆ ಮುಟ್ಟಿಸಿದ. ಸತೀಶ್ ಭಾಸ್ಕರ್ 2023ರಲ್ಲಿ ತೀರಿಕೊಂಡರು. ಇವತ್ತು ಯಾವ ದಡವನ್ನು ಕಾಯಬೇಕು ಅಂತ ನಕ್ಷೆ ಹಾಕುವವರು ಅವರ ಹೆಜ್ಜೆಯ ಮೇಲೇ ನಡೆಯುತ್ತಿದ್ದಾರೆ.

ಬೆಂಗಳೂರು, ಹೈದರಾಬಾದುಗಳಿಗೂ ಈ ಕೆಲಸದಲ್ಲಿ ಪಾಲಿದೆ. ಮದರಾಸಿನಲ್ಲಿ ಓದುವಾಗ 1988ರ ಸುಮಾರಿಗೆ ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ರಾತ್ರಿ ದಡ ಕಾಯುತ್ತಿದ್ದವರಲ್ಲಿ ಒಬ್ಬರು ಕಾರ್ತಿಕ್ ಶಂಕರ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರೂ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಆಲಿವ್ ರಿಡ್ಲೆಯ ವಂಶವಾಹಿ ಪರೀಕ್ಷಿಸಿದರು. ನಮ್ಮ ಪೂರ್ವ ಕರಾವಳಿಯ ಆಮೆಗಳದು ಹಳೆಯ ಕುಲ, ಪೆಸಿಫಿಕ್ ಮತ್ತು ಅಟ್ಲಾಂಟಿಕ್ ಸಾಗರದ ಆಲಿವ್ ರಿಡ್ಲೆಗಳಿಗೆ ಇದೇ ಮೂಲ ಬೇರು ಆಗಿರಬಹುದು ಅಂತ 2004ರಲ್ಲಿ ಪ್ರಕಟಿಸಿದರು. ಅಂದರೆ ನಾವು ಕಾಯಬೇಕಾದ್ದು ಒಡಿಶಾದ ಆಸ್ತಿಯನ್ನಲ್ಲ, ಒಂದು ಮನೆತನದ ಬಿತ್ತನೆ ಬೀಜವನ್ನು.

ಬಿಲ್ಲೆ ನಂಬರು 03233

ಆಮೆ ಹೆರಿಗೆಗೆ ತಾನು ಹುಟ್ಟಿದ ಸೀಮೆಯ ದಡಕ್ಕೇ ಬರುತ್ತದೆ ಅನ್ನುವುದು ಬಹಳ ಕಾಲದ ತಿಳಿವಳಿಕೆ. ಭೂಮಿಗೆ ಅಯಸ್ಕಾಂತದ ಗುಣ ಇದೆಯಲ್ಲ, ಅದು ಒಂದೊಂದು ಜಾಗದಲ್ಲಿ ಒಂದೊಂದು ಬಗೆ. ಮರಿಯಾಗಿದ್ದಾಗ ಆ ಜಾಗದ ಗುರುತು ಆಮೆಯ ತಲೆಯಲ್ಲಿ ಅಚ್ಚಾಗಿ, ವರ್ಷಗಳ ನಂತರ ಅದೇ ದಾರಿ ತೋರಿಸುತ್ತದೆ ಅಂತ ಅಮೆರಿಕದ ಕೆನೆತ್ ಲೋಹ್‌ಮನ್ ಮತ್ತವರ ಜೊತೆಗಾರರ ಸಂಶೋಧನೆ ಹೇಳುತ್ತದೆ. ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಪದ್ಧತಿ. ಆಮೆಗೆ ಪ್ರತಿ ಹೆರಿಗೆಯೂ ತವರಿನಲ್ಲೇ.

ಆದರೆ ಈ ತವರಿನ ಲೆಕ್ಕವನ್ನು ಒಂದು ಆಮೆ ಕೆಡಿಸಿತು. 2021ರ ಮಾರ್ಚಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಬಾಸುದೇವ ತ್ರಿಪಾಠಿ ಮತ್ತವರ ತಂಡ ಒಡಿಶಾದ ದಡದಲ್ಲಿ ಮೊಟ್ಟೆಯಿಡಲು ಬಂದ ಆಮೆಯೊಂದರ ರೆಕ್ಕೆಗಾಲಿಗೆ ಲೋಹದ ಬಿಲ್ಲೆ ಹಾಕಿತ್ತು. ದನದ ಕಿವಿಗೆ ವಿಮೆಯವರು ಹಾಕುವ ಬಿಲ್ಲೆಯಂಥದು. ನಂಬರು 03233. ಸಾವಿರಾರು ಆಮೆಗೆ ಹೀಗೆ ಹಾಕಿದ್ದರು. ನಾಲ್ಕು ವರ್ಷ ಸುದ್ದಿಯಿಲ್ಲ. 2025ರ ಜನವರಿ 27ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರದಲ್ಲಿ ಒಂದು ಆಮೆ ದಡ ಹತ್ತಿ ಮೊಟ್ಟೆಯಿಟ್ಟಿತು. ಕಾವಲಿನವರು ನೋಡಿದರೆ ಕಾಲಿನಲ್ಲಿ ಬಿಲ್ಲೆ, ಅದರ ಮೇಲೆ 03233!

ಸುಮಾರು 3,500 ಕಿಲೋಮೀಟರಿನ ದಾರಿ ಅಂತ ಅಂದಾಜು. ಶ್ರೀಲಂಕಾ ಸುತ್ತಿ ಬಂತೋ, ಪಾಂಬನ್ ಸಂದಿಯಲ್ಲಿ ನುಸುಳಿತೋ ಕಂಡವರಿಲ್ಲ. ಆದರೆ ಯಾವ ಕಡೆಯಿಂದ ಬಂದರೂ ಆಂಧ್ರ, ತಮಿಳುನಾಡು ದಾಟಿ, ಕೇರಳದ ಮಗ್ಗುಲಲ್ಲಿ ಬಂದು, ಕಾಸರಗೋಡು, ಮಂಗಳೂರು, ಕಾರವಾರ, ಗೋವೆ ಇವುಗಳ ಎದುರಿನ ನೀರಿನಲ್ಲಿ ಹಾದೇ ಗುಹಾಗರ ಮುಟ್ಟಬೇಕು. ಈ ಪುಟ ಓದುವ ಎಷ್ಟೋ ಜನರ ಮನೆ ಮುಂದಿನಿಂದಲೇ ಹೋಗಿದೆ ಅನ್ನಿ. ಪೂರ್ವದ ಆಮೆ ಬೇರೆ, ಪಶ್ಚಿಮದ ಆಮೆ ಬೇರೆ ಅಂದುಕೊಂಡಿದ್ದ ವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಬೇಕಾಯಿತು. ಅದಕ್ಕೆ ಮುಂಚೆ 2023ರಲ್ಲಿ ಗುಹಾಗರದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಬೆನ್ನಿಗೆ ಅಂಟಿಸಿ ಬಿಟ್ಟಿದ್ದ ಬಾಗೇಶ್ರೀ ಅನ್ನುವ ಆಮೆ ಪಶ್ಚಿಮ ಕರಾವಳಿಯುದ್ದಕ್ಕೂ ಇಳಿದು, ಶ್ರೀಲಂಕಾ ಬಳಸಿ ಬಂಗಾಳ ಕೊಲ್ಲಿಗೆ ಹೋಗಿತ್ತು. ಎರಡೂ ಸೇರಿಸಿ ನೋಡಿದರೆ ದಾರಿ ಹೋಗುವುದಕ್ಕೂ ಇದೆ, ಬರುವುದಕ್ಕೂ ಇದೆ.

ನನಗೆ ಈ 03233ರ ಸುದ್ದಿ ಓದಿದಾಗ ನಮ್ಮೂರ ಹೆಣ್ಣುಮಕ್ಕಳು ನೆನಪಾದರು. ಹುಟ್ಟಿದ್ದು ಮಡಕಶಿರಾ, ಕೊಟ್ಟಿದ್ದು ಪಾವಗಡ. ಬಾಣಂತನ ಒಂದು ಇಲ್ಲಿ, ಒಂದು ಅಲ್ಲಿ. ರೇಷನ್ ಕಾರ್ಡು ಕೇಳುವವನಿಗೆ ತಲೆನೋವು, ಅವಳಿಗೆ ಎರಡೂ ಮನೆಯೇ. ಆಮೆಯ ವಿಷಯದಲ್ಲಿ ತಲೆನೋವು ದೊಡ್ಡದು. ಒಡಿಶಾ ಒಂದೇ ಕಾದರೆ ಸಾಲದು, ದಾರಿಯಲ್ಲಿರುವ ಯಾವ ಒಂದು ರಾಜ್ಯ ಕೈಬಿಟ್ಟರೂ ಉಳಿದವರ ಕಾವಲು ನೀರಿನಲ್ಲಿ ಹೋಮ. ನಮ್ಮ ಕರ್ನಾಟಕದ ದಡದಲ್ಲೂ ಕಾರವಾರ, ಹೊನ್ನಾವರ, ಕುಂದಾಪುರದ ಕಡೆ ಆಮೆ ಮೊಟ್ಟೆಯಿಡುತ್ತವೆ. 2024ರಲ್ಲಿ ಮಂಗಳೂರಿನ ಸುತ್ತಲೂ ಗೂಡು ಸಿಕ್ಕವು. ಲಕ್ಷದ ಜಾತ್ರೆಯಲ್ಲ, ಒಂಟಿ ಒಂಟಿಯಾಗಿ ಬರುತ್ತವೆ. ಅದಕ್ಕೇ ಅವನ್ನು ಕಾಯುವವರಿಗೆ ಹೆಚ್ಚು ನಡಿಗೆ, ಹೆಚ್ಚು ನಿದ್ದೆಗೇಡು.

ಬಲೆಯೊಳಗೆ ಉಸಿರು

ಗುಹಾಗರದಲ್ಲಿ ಸಂತೋಷ ಪಟ್ಟ ಅದೇ 2025ರ ಜನವರಿಯಲ್ಲಿ ಚೆನ್ನೈ ಸುತ್ತಿನ ದಡಕ್ಕೆ ಸಾವಿರಕ್ಕೂ ಹೆಚ್ಚು ಸತ್ತ ಆಮೆ ಬಂದು ಬಿದ್ದವು. ಉಬ್ಬಿದ ಕಣ್ಣು, ಊದಿದ ಕತ್ತು. ನೀರಿನ ಜೀವ ನೀರಿನಲ್ಲೇ ಮುಳುಗಿ ಸತ್ತ ಗುರುತು ಅದು. ಆಮೆ ಮೀನಲ್ಲ, ನಮ್ಮ ಹಾಗೆ ಪುಪ್ಪುಸದಿಂದ ಉಸಿರಾಡುವುದು. ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಬೇಕು. ಟ್ರಾಲರು ದೋಣಿಗಳು ತಳ ಕೆರೆಯುತ್ತಾ ಗಂಟೆಗಟ್ಟಲೆ ಎಳೆಯುವ ಬಲೆಯೊಳಗೆ ಸಿಕ್ಕರೆ ಮೇಲೆ ಬರಲಾಗದೆ ಸಾಯುತ್ತದೆ. ತಮಿಳುನಾಡಿನಲ್ಲಿ ದಡದಿಂದ 5 ನಾಟಿಕಲ್ ಮೈಲಿಯೊಳಗೆ ಯಾಂತ್ರಿಕ ದೋಣಿ ಮೀನು ಹಿಡಿಯಬಾರದು ಅಂತ ಕಾನೂನಿದೆ. ಆಮೆ ಸೇರುವುದೂ ಆ ದಡದ ಹತ್ತಿರವೇ, ಸಿಗಡಿ ಸೇರುವುದೂ ಅಲ್ಲೇ.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಟೆಡ್ ಅಂತ ಒಂದು ಸಾಧನ. ಬಲೆಯ ಕುತ್ತಿಗೆಯಲ್ಲಿ ಕಬ್ಬಿಣದ ಕಂಬಿಯ ಜಾಲರಿ ಓರೆಯಾಗಿ ಕೂರಿಸುತ್ತಾರೆ. ಸಿಗಡಿ, ಸಣ್ಣ ಮೀನು ಕಂಬಿಯ ಸಂದಿಯಲ್ಲಿ ತೂರಿ ಬಲೆಯ ತಳಕ್ಕೆ ಹೋಗುತ್ತವೆ. ಆಮೆ ಜಾಲರಿಗೆ ತಾಗಿ ಜಾರಿ, ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಕಡ್ಲೆಕಾಯಿ ಜರಡಿ ಹಿಡಿಯುವವರಿಗೆ ಇದರ ಮರ್ಮ ತಕ್ಷಣ ಅರ್ಥವಾಗುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ನಮ್ಮ ದೋಣಿಗಳಿಗೆ ಒಪ್ಪುವಂಥದನ್ನು ಮಾಡಿದ್ದಾರೆ. ಕಿಂಡಿಯಿಂದ ಒಳ್ಳೆಯ ಮೀನೂ ಹೋಗಿಬಿಡುತ್ತದೆ ಅಂತ ದೋಣಿಯವರ ತಕರಾರು. ಆ ನಷ್ಟ ಸ್ವಲ್ಪವೇ ಅಂತ ವಿಜ್ಞಾನಿಗಳ ಮಾತು.

ವ್ಯಾಪಾರಸ್ಥ ಬಂಧುಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಆಮೆ ಉಳಿಸದೆ ಹಿಡಿದ ಸಿಗಡಿ ನಮಗೆ ಬೇಡ ಅಂತ ಅಮೆರಿಕ 1989ರಲ್ಲೇ ಕಾನೂನು ಮಾಡಿತು. ಭಾರತ, ಪಾಕಿಸ್ತಾನ, ಮಲೇಷಿಯ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಜ್ಯ ಹೂಡಿದವು. 1998ರ ತೀರ್ಪು ಆ ಕಾನೂನನ್ನು ಜಾರಿ ಮಾಡಿದ ರೀತಿಯನ್ನು ತಪ್ಪು ಅಂದಿತೇ ಹೊರತು, ಆಮೆ ಕಾಯುವ ಉದ್ದೇಶವನ್ನು ತಪ್ಪು ಅನ್ನಲಿಲ್ಲ. 2019ರಲ್ಲಿ ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕ ಬಾಗಿಲು ಹಾಕಿತು. ಆಂಧ್ರದ ಕೆರೆಗಳಲ್ಲಿ ಸಾಕುವ ಸಿಗಡಿಗೆ ಈ ಕಾನೂನು ತಾಗುವುದಿಲ್ಲ. ದೋಣಿಯವನ ಸಿಗಡಿಗೆ ತಾಗುತ್ತದೆ. ಒಂದು ಜಾಲರಿ ಹಾಕದೆ ಇದ್ದದ್ದಕ್ಕೆ ಪೇಟೆಯೇ ಕೈತಪ್ಪಿತು.

ಬೆಸ್ತರ ಒಲೆಯ ಪ್ರಶ್ನೆ

ನಾನು ಇದನ್ನೆಲ್ಲ ಹೇಳಿದಾಗ ಪೆದ್ದಾಯನ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದೊಡ್ಡ ದೋಣಿ ಮಾಡುವ ತಪ್ಪಿಗೆ ಸಣ್ಣ ಬಲೆಗೂ ಬೀಗ ಬೀಳುತ್ತೆ ಬಾಬು" ಅಂದರು. ಒಡಿಶಾದಲ್ಲಿ ಧಾಮ್ರಾ, ದೇವಿ, ಋಷಿಕುಲ್ಯ ನದೀಮುಖಗಳ ಎದುರು 20 ಕಿಲೋಮೀಟರಿನ ತನಕ ನವೆಂಬರ್ 1ರಿಂದ ಮೇ 31ರವರೆಗೆ ಮೀನುಗಾರಿಕೆಗೆ ನಿಷೇಧ. ಏಳು ತಿಂಗಳು. ಸರಕಾರ ಪರಿಹಾರ ಕೊಡುತ್ತದೆ, ಆದರೆ ಪರಿಹಾರದ ಹಣದಲ್ಲಿ ಏಳು ತಿಂಗಳ ಒಲೆ ಉರಿಯುತ್ತದೆಯೇ? "ಆಮೆ ನಮ್ಮ ದೇವರು, ಬೇಡ ಅನ್ನಲ್ಲ. ದೇವರ ಹೆಸರಿನಲ್ಲಿ ಉಪವಾಸ ಎಷ್ಟು ದಿನ ಮಾಡೋದು?" ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಂದಿ, ಆನೆ ಹೊಲಕ್ಕೆ ನುಗ್ಗಿದಾಗ ಅರ್ಜಿ ಹಿಡಿದು ಕಚೇರಿ ತಿರುಗಿದ ರೈತರಿಗೆ ಈ ಮಾತಿನ ಬಿಸಿ ಗೊತ್ತು.

ಲಕ್ಷದ್ವೀಪದ ಅಗತ್ತಿಯಲ್ಲಿ ಇದಕ್ಕೂ ಸೂಕ್ಷ್ಮವಾದ ಸಂಗತಿ ನಡೆಯಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಅಲ್ಲಿನ ಹಸಿರು ಆಮೆಗಳನ್ನು ಅಧ್ಯಯನ ಮಾಡಿದರು. ಇವು ಕಡಲ ಹುಲ್ಲು ಮೇಯುವ ಆಮೆ. ಕಾವಲು ಸಿಕ್ಕಿ ಸಂಖ್ಯೆ ಹೆಚ್ಚಿದ ಮೇಲೆ ಹುಲ್ಲುಗಾವಲನ್ನೇ ಬೋಳಿಸಿಬಿಟ್ಟವು. ಆ ಹುಲ್ಲಿನಲ್ಲಿ ಮರಿ ಮಾಡುವ ಮೀನು ಕಮ್ಮಿಯಾಯಿತು, ಬೆಸ್ತರಿಗೆ ಆಮೆಯ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಇದೆ ಅಂತ ಒಪ್ಪಿ ಬರೆದರಲ್ಲ, ಅದು ಒಳ್ಳೆಯ ಸಂಶೋಧನೆ. ಜೀವ ಉಳಿಸುವುದು ಅಂದರೆ ಒಂದನ್ನು ಎಣಿಸಿ ಚಪ್ಪಾಳೆ ತಟ್ಟುವುದಲ್ಲ. ಅದರ ಮೇವು, ಅದರ ಪಕ್ಕದ ಮನುಷ್ಯನ ಊಟ, ಎಲ್ಲ ಕೂಡಿಸಿ ನೋಡುವುದು. ರತ್ನಾಗಿರಿ ಜಿಲ್ಲೆಯ ವೇಲಾಸ್ ಹಳ್ಳಿಯವರು 2002ರಿಂದ ಮೊಟ್ಟೆ ಕಾದು, ಮರಿ ಕಡಲಿಗೆ ಇಳಿಯುವ ದಿನಗಳಲ್ಲಿ ಬರುವ ಜನಕ್ಕೆ ಮನೆಯಲ್ಲೇ ಊಟ, ವಸತಿ ಕೊಟ್ಟು ನಾಲ್ಕು ಕಾಸು ನೋಡುತ್ತಿದ್ದಾರೆ. ಅಂಥ ದಾರಿ ಎಲ್ಲ ಊರಿಗೂ ಆಗದು, ಆದರೆ ಕಾಯುವವನ ಹೊಟ್ಟೆಯನ್ನು ಮೊದಲು ನೋಡಿದ ದಾರಿ ಅದು.

ನಮ್ಮ ಬತ್ತಿದ ಹೊಳೆ

ಹೊರಡುವ ಹೊತ್ತಿಗೆ ಪೆದ್ದಾಯನ ಕೇಳಿದರು, "ನಿಮ್ಮೂರ ಹತ್ತಿರ ಹೊಳೆ ಇದೆಯಾ?" ಇದೆ, ಜಯಮಂಗಲಿ, ಆದರೆ ನೀರಿಲ್ಲ ಅಂದೆ. "ನೀರಿಲ್ಲದ ಹೊಳೆಯೂ ಒಂದು ದಿನ ಕಡಲಿಗೇ ಬರುತ್ತೆ" ಅಂದರು.

ರೈಲಿನಲ್ಲಿ ಕೂತು ಆ ಮಾತನ್ನೇ ಯೋಚಿಸಿದೆ. ಜಯಮಂಗಲಿ ಪೆನ್ನಾರಿಗೆ ಸೇರುತ್ತದೆ. ಪೆನ್ನಾರು ನೆಲ್ಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಸೇರುತ್ತದೆ. ನೆಲ್ಲೂರಿನ ದಡದಲ್ಲೂ ಆಲಿವ್ ರಿಡ್ಲೆ ಮೊಟ್ಟೆಯಿಡುತ್ತದೆ. ಬತ್ತಿದ ಹೊಳೆ ಅಂತ ನಾವು ಅದರೊಳಗೆ ಹಾಕದೆ ಇರುವುದೇನು? ಟೊಮೇಟೊ, ಕಲ್ಲಂಗಡಿಗೆ ಹೊದಿಸಿ ಹರಿದ ಮಲ್ಚಿಂಗ್ ಶೀಟು, ಹಳೇ ಡ್ರಿಪ್ ಪೈಪು, ಔಷಧಿ ಡಬ್ಬ, ಅಂಗಡಿಯ ಕವರು. 2021ರ ನವೆಂಬರಿನಲ್ಲಿ ಪೆನ್ನಾರಿಗೆ ಪ್ರವಾಹ ಬಂತಲ್ಲ, ವರ್ಷಗಳಿಂದ ಬಿದ್ದಿದ್ದ ಕಸ ಎರಡು ದಿನದಲ್ಲಿ ಗುಡಿಸಿದ ಹಾಗೆ ಹೋಯಿತು. ಹೊಳೆ ಚೊಕ್ಕಟವಾಯಿತು ಅಂತ ನಾವು ಅಂದುಕೊಂಡೆವು. ಕಡಲಿನಲ್ಲಿ ತೇಲುವ ಬಿಳಿ ಕವರು ಆಮೆಯ ಕಣ್ಣಿಗೆ ಅಂಬಲಿ ಮೀನಿನ ಹಾಗೆ ಕಾಣುತ್ತದೆ. ನುಂಗಿದರೆ ಕರುಳು ಕಟ್ಟುತ್ತದೆ. ನಮ್ಮ ಹಸು ಪ್ಲಾಸ್ಟಿಕ್ ತಿಂದು ಸತ್ತದ್ದು ನಾವು ನೋಡಿದ್ದೇವೆ, ಇದೂ ಅದೇ ಸಾವು.

ಕವಿತೆ ಹುಡುಕಿಕೊಂಡು ಹೋದವನು ಲೆಕ್ಕ ಬರೆದುಕೊಂಡು ಬಂದೆ. ಊರಿಗೆ ಬಂದ ಮೇಲೆ ಆ ಬೇಸಿಗೆಯಲ್ಲಿ ನಮ್ಮ ಹೊಲದ ಕೆಳಗಿನ ಹಳ್ಳದಲ್ಲಿ ಬಿದ್ದಿದ್ದ ಹರಿದ ಶೀಟುಗಳನ್ನು ಮಗನೂ ನಾನೂ ಆರಿಸಿದೆವು. ಒಂಬತ್ತು ಗೊಬ್ಬರದ ಚೀಲ ತುಂಬಿತು. ಗುಜರಿಯವನು ಮಣ್ಣು ಮೆತ್ತಿದೆ ಅಂತ ಮೊದಲು ಒಲ್ಲೆನೆಂದ, ತೊಳೆದು ಒಣಗಿಸಿ ಕೊಟ್ಟ ಮೇಲೆ ತಗೊಂಡ. ಪಕ್ಕದ ಹೊಲದವನು ನಕ್ಕ: "ಏನ್ ಕವಿಗಳೇ, ಹಳ್ಳ ಗುಡಿಸ್ತಾ ಇದ್ದೀರಿ, ಗಂಗಮ್ಮನ ಜಾತ್ರೆ ಐತಾ?"

ಏಪ್ರಿಲ್ ಮೊದಲ ವಾರ ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಪೆದ್ದಾಯನರ ಮೊಮ್ಮಗ. "ಮರಿಗಳು ಏಳ್ತಾ ಇವೆ, ತಾತ ನಿಮಗೆ ಹೇಳು ಅಂದರು." ಹಿಂದೆ ಅಲೆಯ ಸದ್ದು, ಹುಡುಗರ ಕೂಗು. ಜಾತ್ರೆ ಇದೆಯಾ ಅಂತ ಕೇಳಿದ್ದ ಪಕ್ಕದ ಹೊಲದವನಿಗೆ ಬೆಳಿಗ್ಗೆ ಹೇಳಿದೆ: ಐತೆ ಕಣಪ್ಪಾ, ನಮ್ಮ ಹಳ್ಳ ಹೋಗಿ ಸೇರುವ ಕಡಲಿನಲ್ಲಿ.